ಐವತ್ತೊಂದು ಕಿಲೋ

ದಾರ್ಖಾನಿನ ಉಣ್ಣೆ ಗೋದಾಮಿನಲ್ಲಿ
ಮೂಟೆ ತೂಗುತ್ತಾನೆ ನನ್ನ ದೊಡ್ಡಪ್ಪ ಚುಲೂನ್.

ಹವಾನಾ ಹೇಗಿತ್ತು ಅಂದರೆ
"ತಕ್ಕಡಿ ಒಳ್ಳೇದು, ಅಲ್ಲಿಂದು.
ನಲವತ್ತು ಗ್ರಾಂ ಕಮ್ಮಿ ತೋರಿಸ್ತಿತ್ತು."
ಸೋಫಿಯಾ?
"ಹಬೆಕೋಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದೆ,
ಬೆವರೂ ಮುಗಿದ ಮೇಲೆ
ಬಕೆಟ್ಟಿಗೆ ಉಗುಳಿ ಉಗುಳಿ ಹಗುರಾದೆ."
ಹನ್ನೊಂದು ದೇಶ ಸುತ್ತಿದವನಿಗೆ
ಒಂದರ ಊಟವೂ ನೆನಪಿಲ್ಲ.
ಹಾಂ, ಬರ್ಲಿನ್! ಸೋತ ರಾತ್ರಿ
ಎರಡು ತಟ್ಟೆ ಆಲೂಗಡ್ಡೆ,
ಅಗಿಯಲು ಎಡದವಡೆ ಮಾತ್ರ.

ಆ ಸೋಲು ಮೂರು-ಎರಡು.
ಐವರು ತೀರ್ಪುಗಾರರಲ್ಲೊಬ್ಬ ಸೀನಿದನಂತೆ,
ಇವನ ಬಲಗೈ ಹೋಗಿ ತಾಗಿದ ಗಳಿಗೆಗೇ ಸರಿಯಾಗಿ.
ನಗುತ್ತಲೇ ಹೇಳುತ್ತಾನೆ ಇದನ್ನು.
ದೊಡ್ಡಮ್ಮ ನಗುವುದಿಲ್ಲ,
ಚಹಾಕ್ಕೆ ಉಪ್ಪು ಹಾಕುತ್ತಾ ಅತ್ತ ತಿರುಗುತ್ತಾಳೆ.

ಗೋಡೆಯಲ್ಲಿ ತೂಗುವ ಕಂಚು ಒಂದೇ ಒಂದು.
ಅದನ್ನೂ ತೂಗಿ ನೋಡಿದ್ದಾನೆ:
ನೂರ ತೊಂಬತ್ತು ಗ್ರಾಂ, ದಾರ ಬಿಟ್ಟು.

ನಿನ್ನೆ ಕುರಿಗಾಹಿ ಹುಡುಗನೊಬ್ಬ
ಉಣ್ಣೆಯೊಳಗೆ ಕಲ್ಲಿಟ್ಟು ತಂದಿದ್ದ.
ತಕ್ಕಡಿಯ ಮುಳ್ಳು ನಡುಗಿ ನಿಂತಿತು.
ದೊಡ್ಡಪ್ಪ ನೋಡಿದ್ದು ಮುಳ್ಳನ್ನಲ್ಲ,
ಮೂಟೆ ಎತ್ತಿಟ್ಟ ಆ ಉದ್ದ ತೋಳು,
ಸುಮ್ಮನೆ ನಿಲ್ಲದ ಪಾದ.

"ನೀನೆಷ್ಟು ತೂಗ್ತೀಯೋ?" ಅಂದ.

ಹುಡುಗ ಬೆವರಿ,
ಮೂಟೆಗೆ ಕೈಹಾಕಿ
ಕಲ್ಲು ತೆಗೆದುಕೊಟ್ಟ.