ಜಂತ್ರಡಿಯ ಹಲಗೆ

ಮೊದಲೇ ಹೇಳಿಬಿಡುತ್ತೇನೆ, ಆ ಅರ್ಜಿಯಲ್ಲಿ
ಮೂರನೇ ಸಹಿ ನನ್ನದು.
ನೀಲು ಗಿರಿಯಾ ಪಟಗಾರ,
ಅಘನಾಶಿನಿಯ ದಂಡೆಯಲ್ಲಿ ಗಜನಿಯ ಜಂತ್ರಡಿ ಕಾಯುವವಳು.

ಕಗ್ಗದ ತೆನೆ ಹಾಲುಗಟ್ಟುವ ಹೊತ್ತಿಗೆ
ಹನ್ನೊಂದು ಕುದುರೆ ಒಂದೇ ರಾತ್ರಿ
ನಾಲ್ಕು ಗುಂಟೆ ಮೇದು, ಮೇದಷ್ಟೇ ತುಳಿದು
ಒಡ್ಡಿನ ಮೇಲೆ ಲದ್ದಿ ಹಾಕಿ ಹೋಗಿದ್ದವು.
ಸಿಟ್ಟು ಬಾರದೆ ಇರುತ್ತದೆಯೆ?

ಯಾರ ಕುದುರೆ ಎಂದರೆ ಊರಲ್ಲಿ ಎರಡು ಕತೆ.
ಗೋಕರ್ಣದ ಕಡಲಬದಿಯಲ್ಲಿ ಪ್ರವಾಸಿಗಳನ್ನು
ಹತ್ತಿಸಿ ಸುತ್ತಾಡಿಸುತ್ತಿದ್ದ ಒಬ್ಬ
ಕೊರೋನಾ ವರ್ಷ ಹಗ್ಗ ಬಿಚ್ಚಿ ಬಸ್ಸು ಹತ್ತಿದನಂತೆ.
ಇನ್ನೊಂದು ಬುದ್ದು ಅಂಬಿಗನದು:
ಅರಬರ ಹಡಗು ಒಡೆದಾಗ ಈಜಿ ಬಂದವುಗಳ ಸಂತಾನ,
ಮಿರ್ಜಾನ ಕೋಟೆಯ ಲಾಯಕ್ಕೂ ಬಗ್ಗದವು.
ಬುದ್ದು ಹೇಳುವುದರಲ್ಲಿ ಅರ್ಧ ಹೆಂಡ.
ಯಾವ ಅರ್ಧ ಎಂದು ಅವನಿಗೂ ಗೊತ್ತಿಲ್ಲ.

ಸರ್ಕಾರ ಬಂದದ್ದು ಕೊಯ್ಲು ಮುಗಿದ ಮೇಲೆ.
ಗದ್ದೆಯಲ್ಲಿ ಕೂಳೆ,
ನನ್ನ ಸಿಟ್ಟೂ ಕೂಳೆಯಷ್ಟೇ ಉಳಿದಿತ್ತು.
ಎರಡು ಲಾರಿ, ಒಂದು ಜೀಪು, ಘಟ್ಟದ ಮೇಲಿನ ಗುತ್ತಿಗೆದಾರ,
ಬಿದಿರಿನ ಗಳ, ನೈಲಾನ್ ಬಲೆ,
ತಗಡಿನ ಡಬ್ಬ ಬಡಿಯಲು ನಾಲ್ಕು ಹುಡುಗರು.
ತಲೆಗೆ ಇಷ್ಟು ಎಂದು ಟೆಂಡರು.
ಸಾಹೇಬರು ನನ್ನ ಸಹಿಯ ಹಾಳೆ ತೋರಿಸಿ
"ನಿಮ್ಮ ಸಲುವಾಗೇ ಬಂದಿದ್ದು ಬಾಯಿ" ಎಂದರು.
ಚಹಾ ಮಾಡಿ ಕೊಟ್ಟೆ.

ಮೊದಲ ದಿನ ಒಂದೇ ಸಿಕ್ಕಿತು, ಕಂದು ಹೆಣ್ಣು,
ಎಡಗಿವಿ ಸೀಳಿದ್ದು.
ನಮ್ಮ ಗದ್ದೆಗೆ ಉಳಿದವನ್ನು ಕರೆತಂದದ್ದು ಅದೇ, ನನಗೆ ಗುರುತಿತ್ತು.
ನಾಲ್ಕೂ ಕಾಲು ಕಟ್ಟಿ
ಅಕ್ಕಿಮೂಟೆಯಂತೆ ಲಾರಿಗೆ ಏರಿಸಿದರು.
ಮರಿ ಹಿಂದೆ ಓಡಿತು.
(ಮರಿ ಅನ್ನಬೇಕೋ ಕರು ಅನ್ನಬೇಕೋ,
ಕುದುರೆ ಸಾಕಿದ ಜನ ನಾವಲ್ಲ.)
ಒಡ್ಡಿನ ಮೇಲೆ, ಆಮೇಲೆ ಡಾಂಬರಿನ ಮೇಲೆ
ಹೈವೇ ತನಕ ಓಡಿತಂತೆ, ಪಂಕ್ಚರ್ ಅಂಗಡಿಯ ಇಸ್ಮಾಯಿಲ್ ನೋಡಿದ.
ರಾತ್ರಿ ತಿರುಗಿ ಬಂದು ಜಂತ್ರಡಿಯ ಬಳಿ ನಿಂತಿತು.
ಕೂಗಲಿಲ್ಲ.
ಉಪ್ಪುನೀರನ್ನು ಮೂಸಿತು, ಕುಡಿಯಲಿಲ್ಲ,
ಮತ್ತೆ ಮೂಸಿತು.

ಎರಡನೇ ದಿನ ಆರು.
ಗಜನಿಯ ನಡುವೆ ಗಳ ಹುಗಿದು, ಬಲೆ ಸುತ್ತಿ
ಒಳಗೆ ನಿಲ್ಲಿಸಿದರು. ಬೆಳಗಾದರೆ ಲಾರಿ.
ಗುತ್ತಿಗೆದಾರ ಪಂಚಾಂಗ ನೋಡಲಿಲ್ಲ,
ನಮ್ಮನ್ನು ಕೇಳಲಿಲ್ಲ.
ಅಮಾಸೆ.

ಹಲಗೆ ಒಂಬತ್ತು. ಮತ್ತಿಮರದವು, ನೆನೆದರೆ ಹೆಣಭಾರ.
ಅವ್ವ ಕಲಿಸಿದ ಕ್ರಮ ಒಂದಿದೆ:
ಮೇಲಿನದು ಮೊದಲು, ಎಣಿಸಬಾರದು, ಮಾತಾಡಬಾರದು.
ನಾನು ಎಣಿಸಿದೆ.
ಆರನೆಯದಕ್ಕೆ ಹೊಳೆ ಒಳಗೆ ಬಂತು,
ಏಳಕ್ಕೆ ನನ್ನ ಮೊಣಕಾಲು ಹಿಡಿಯಿತು,
ಒಂಬತ್ತನೆಯದನ್ನು ಎತ್ತಿದ್ದು ನಾನಲ್ಲ, ನೀರೇ.

ಕತ್ತಲಲ್ಲಿ ಏನೂ ಕಾಣಲಿಲ್ಲ. ಕೇಳಿಸಿತು:
ಕೆಸರು ಗಳವನ್ನು ಬಿಡುವ ಸದ್ದು,
ಹಸುಗೂಸು ಮೊಲೆ ಬಿಟ್ಟಾಗಿನ ಹಾಗೆ.
ಆಮೇಲೆ ಎದೆಮಟ್ಟದ ನೀರಿನಲ್ಲಿ
ಆರು ದೊಡ್ಡ ಉಸಿರು
ಕಾಂಡ್ಲದ ಕಡೆ ಹೋದವು.

ಪಂಚನಾಮೆಯಲ್ಲಿ ಕೇಳಿದರು, ಹಲಗೆ ಎತ್ತಿದ್ದು ಯಾರು?
ಭರತಿ, ಎಂದೆ.
ಭಾರತಿ ಎಂದು ಬರೆದುಕೊಂಡ ಗುಮಾಸ್ತ
ಗಂಡನ ಹೆಸರು ಕೇಳಿದ.
ಗಜನಿ ಸಮಿತಿಯವರು ಅಷ್ಟು ಪೆದ್ದರಲ್ಲ.
ಇಳಿತಕ್ಕೆ ಸಿಗಡಿಯೆಲ್ಲ ಹೊಳೆಗೆ ಹೋದದ್ದಕ್ಕೆ
ಎರಡು ಸಾವಿರ ದಂಡ, ಕಂತಿನಲ್ಲಿ.
ಇನ್ನೂ ಮುನ್ನೂರು ಬಾಕಿ.

ಕಂದು ಹೆಣ್ಣು ಬರಲಿಲ್ಲ.
ಹರಾಜಾಯಿತು ಎಂದ ಒಬ್ಬ.
ಯಲ್ಲಾಪುರ ದಾಟುವ ಮೊದಲೇ ಸತ್ತಿತು ಎಂದ ಇನ್ನೊಬ್ಬ.
ಹರಾಜು ಎಂದವನನ್ನು ಕಂಡರೆ ನಾನು ಮಾತಾಡಿಸುತ್ತೇನೆ.

ಈ ವರ್ಷ ಕಗ್ಗ ಮತ್ತೆ ಹಾಲುಗಟ್ಟಿದೆ.
ಮರಿ ಬೆಳೆದಿದೆ. ನಿನ್ನೆ ಮೂರು ಗುಂಟೆ ಮೇದಿದೆ,
ಹಾಳಾದ್ದು, ತಾಯಿ ಮೇದ ಜಾಗದಲ್ಲೇ.
ಕೋಲು ಹಿಡಿದು ಓಡಿದೆ, ಬಾಯ್ತುಂಬ ಬೈದೆ.
ಬುದ್ದು ದೋಣಿಯಿಂದಲೇ ಕೂಗಿದ:
"ಅರ್ಜಿ ಬರೀತೀಯೇನೇ ನೀಲು?"
ಕಾಗದ ಒದ್ದೆ, ಎಂದೆ.