ಕಾಲುಚೀಲ

ಹೊನ್ನಿಕೇರಿ ದಾಟಿದ ಮೇಲೆ ಜಂಬಿಟ್ಟಿಗೆಯ ಬಯಲು.
ನಾಲ್ಕು ಬಿದಿರುಕಡ್ಡಿ, ನಾಲ್ಕು ಮೀಟರ್ ಸುತಳಿ,
ಒಂದು ಚೌಕ ಕಟ್ಟಿ ಮಂಡಿಯೂರುತ್ತೇನೆ.
ಇದರೊಳಗಿರುವುದಷ್ಟೂ ನನ್ನದು, ಮಧ್ಯಾಹ್ನದವರೆಗೆ.

ಹದಿನೇಳು ಜಾತಿ.
ಒಂದರ ಎಲೆ ಎಲೆಯಂತಿಲ್ಲ,
ಅಂಟಿನ ಹನಿ ಹೊತ್ತ ಕೆಂಪು ಕೂದಲು;
ಗುಂಗುರು ಒಂದನ್ನು ಹಿಡಿದು ನಿಧಾನ ಮಡಚಿಕೊಳ್ಳುತ್ತಿದೆ.
ಎಣಿಸಲು ಬಂದವಳ ಗೊಡವೆ ಅದಕ್ಕಿಲ್ಲ.

ಘಟ್ಟದ ನೆತ್ತಿಯ ಮೇಲೂ ಇದೇ ಇದೆ, ನೂರಾರು ಮೈಲಿ ಆಚೆ.
ನಡುವೆ ಉದ್ದಕ್ಕೂ ಎರೆ ಮಣ್ಣು, ತೊಗರಿ, ಸಿಮೆಂಟಿನ ಧೂಳು.
ಅಲ್ಲಿಂದ ಇಲ್ಲಿಗೆ ಬಂತೋ,
ಇಲ್ಲಿಂದ ಅಲ್ಲಿಗೆ ಹೋಯಿತೋ,
ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದು ನಡುವಷ್ಟೇ ಅಳಿಸಿತೋ.
ನನ್ನ ಪ್ರಬಂಧದ ಮೂರನೇ ಅಧ್ಯಾಯ
ಈ ಓಕಾರದ ಮೇಲೆ ನಿಂತಿದೆ.

ಆಡು ಬಿಟ್ಟುಕೊಂಡು ಝರೆಪ್ಪ ಬಂದ.
"ಕಳದದ್ದು ಏನರ ಹುಡಕಲತ್ತೀರೇನ್ರಿ ಅಕ್ಕೋರೆ?"
ಹ್ಞೂಂ ಅಂದೆ. ಸುಳ್ಳೇನಲ್ಲ.
ಅವನ ಹೋತವೊಂದು ಚೌಕದೊಳಗೆ ಕಾಲಿಟ್ಟು
ಹದಿನೇಳನ್ನು ಹದಿನಾರು ಮಾಡಿ
ನಾಲ್ಕು ಹಿಕ್ಕೆ ಉದುರಿಸಿ ಹೋಯಿತು.
ಒಡೆದು ನೋಡಿದರೆ ಬಳ್ಳಾರಿ ಜಾಲಿಯ ಬೀಜ.
ಲೆಕ್ಕ ಸರಿಹೋಯಿತು.

'ಮೂಲ' ಎಂಬ ಕಲಮು ತುಂಬುತ್ತ ಹೋದೆ:
ಸೀತಾಫಲ, ಎರಡು ಕಡಲಿನಾಚೆ. ಹುಣಸೆ, ಆಫ್ರಿಕಾ.
ಹಬ್ಶಿಕೋಟದ ಗುಡ್ಡದಲ್ಲಿ ಮಲಗಿದವರೂ ಆ ಕಡೆಯವರೇ,
ಅವರ ಗೋರಿಗೆ ಯಾವ ಮರದ ನೆರಳೆಂದು ಒಮ್ಮೆ ನೋಡಿಬರಬೇಕು.
ಝರೆಪ್ಪನನ್ನು ಕೇಳಿದರೆ ಎಲ್ಲಾ "ನಮ್ ಕಡೀವೇ ಅವ".

ಆ ರಾತ್ರಿ ಕಲಬುರಗಿಯಲ್ಲಿ, ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು
ಕಾಲುಚೀಲಕ್ಕೆ ಹತ್ತಿದ ಉತ್ತರಾಣಿ ಕಿತ್ತೆ, ಒಂದೊಂದಾಗಿ.
ಹೆಸರಿನಲ್ಲಿ ಉತ್ತರ;
ಬೆರಳಿಗೆ ಸಿಕ್ಕದ್ದು ಬರೀ ಮುಳ್ಳು.
ಆಮೇಲೆ ಕೆಸರು ಹೋಗಲೆಂದು
ನಲ್ಲಿಯ ಕೆಳಗೆ ಹಿಡಿದು ಹಿಂಡಿದೆ, ಕೆಂಪು ನೀರು ಬಿಡುವವರೆಗೂ.
ಅದು ಹೋದ ವರ್ಷದ ಮಾತು.

ಈ ಸಲ, ನಲ್ಲಿ ಸೋರುವ ಜಾಗದಲ್ಲಿ
ಕಪ್ಪು ನೆಲದಂಚಿಗೆ, ಉಗುರಿನಷ್ಟು,
ಕೆಂಪು ಕೂದಲು.
ಬದುಕಲಾರದು. ಬೇಸಿಗೆಗೆ ಎರೆ ಬಿರಿದರೆ
ಬೇರೂ ಹರಿದುಹೋಗುತ್ತದೆ.
ಆದರೂ ಕಿತ್ತು ಒತ್ತಿಡಲು ಕೈ ಬರಲಿಲ್ಲ;
ಹಾಳೆ ಮಾತ್ರ ತುಂಬಿದೆ.

ಸ್ಥಳ: ನಲ್ಲಿಯ ಹತ್ತಿರ.
ಸಂಖ್ಯೆ: ಒಂದು.
ಹರಡಿದ ಬಗೆ: ಗಾಳಿ, ನೀರು, ಹಕ್ಕಿ, ದನ,
ಅಚ್ಚಾದ ನಾಲ್ಕನ್ನೂ ಬಿಟ್ಟು
ಪಕ್ಕದಲ್ಲಿ 'ಕಾಲುಚೀಲ' ಅಂತ ಬರೆದೆ.

ಗೈಡ್ ಹೊಡೆದುಹಾಕುತ್ತಾರೆ, ಗೊತ್ತು.
ಪೆನ್ಸಿಲಿನಲ್ಲಿ ಬರೆದಿದ್ದೇನೆ,
ಸ್ವಲ್ಪ ಒತ್ತಿ.