ಡಿಕ್ಕಿಯ ಲೆಕ್ಕ

ಕುಂಜಿಬೆಟ್ಟು ಶಾಖೆ ಗುಜರಿಗೆ ಹಾಕಿದ ಕ್ಯಾಶ್ ಪೆಟ್ಟಿಗೆಯನ್ನು
ಎಂಬತ್ತು ರೂಪಾಯಿ ಕಟ್ಟಿ, ರಸೀದಿ ಪಡೆದು, ಮನೆಗೆ ತಂದಿದ್ದೆ.
ಬೀಗವಿಲ್ಲ. ಮುಚ್ಚಳದೊಳಗೆ ನನ್ನದೇ ಅಕ್ಷರ:
ನೂರು, ಐವತ್ತು, ಹರಕು, ಚಿಲ್ಲರೆ.

ಈಗ ಚಿಲ್ಲರೆಯ ಖಾನೆಯಲ್ಲಿ ಫ್ಯೂಸುಗಳು,
ಕೆಂಪು ಹತ್ತು, ನೀಲಿ ಹದಿನೈದು, ಹಳದಿ ಇಪ್ಪತ್ತು.
ನೂರರ ಖಾನೆಯಲ್ಲಿ ಸ್ಪ್ಯಾನರು.
ಸಂತೆಕಟ್ಟೆಯ ದೂಮಪ್ಪ ಗ್ರೀಸಿನ ಕೈಯಲ್ಲೇ ಚಹಾ ಹಿಡಿದು
ಹೇಳುತ್ತ ಹೋದ; ಹಳೆಯ ವಿತ್‌ಡ್ರಾವಲ್ ಚೀಟಿಯ ಬೆನ್ನಿಗೆ
ನಾನು ಬರೆಯುತ್ತ ಹೋದೆ.
ಜಾಕು. ಜಂಪರ್ ಕೇಬಲ್. ಇನ್ಸುಲೇಶನ್ ಟೇಪು. ಕೆಂಪು ತ್ರಿಕೋನ.
ಟಾರ್ಚು. "ಮೊಬೈಲಿನದ್ದಲ್ಲ ಮೇಡಂ,
ಬಾಯಲ್ಲಿ ಕಚ್ಚಿ ಹಿಡಿಯುವಂಥದ್ದು."
ಕಟ್ಟಿ ಎಳೆಯಲು ಹಗ್ಗ.

ಹಗ್ಗ ಮಲ್ಪೆಯಲ್ಲಿ ಸಿಕ್ಕಿತು, ಬಲೆ ಹೊಲಿಯುವವರ ಬಳಿ,
ಹಸಿರು ನೈಲಾನು; ಎಷ್ಟು ತೊಳೆದರೂ ಬಂಗುಡೆ ವಾಸನೆ.
ಕೈ ಒರೆಸಲಿಕ್ಕೊಂದು ಬೈರಾಸು.
ಸ್ಪ್ಯಾನರುಗಳಿಗೆ ತಿಂಗಳಿಗೊಮ್ಮೆ ತೆಂಗಿನೆಣ್ಣೆ:
ನಮ್ಮ ಗಾಳಿ ಕಬ್ಬಿಣವನ್ನೂ ಚಕ್ಕುಲಿಯಂತೆ ಮುರಿದು ತಿನ್ನುತ್ತದೆ.

ಐವತ್ತೊಂಬತ್ತಕ್ಕೆ ಲೈಸೆನ್ಸು ಪಡೆದವಳು ನಾನು.
ಮೂವತ್ತೆರಡು ವರ್ಷ ಕೌಂಟರಿನಲ್ಲಿ
ಒಂದು ದಿನವೂ ಒಂದು ರೂಪಾಯಿ ಹೆಚ್ಚು ಬರಲಿಲ್ಲ, ಕಡಿಮೆ ಬೀಳಲಿಲ್ಲ.
ಈ ಪೆಟ್ಟಿಗೆ ಮಾತ್ರ ಒಂದು ಸಂಜೆಯೂ ಟ್ಯಾಲಿ ಆಗಲಿಲ್ಲ.
ಹತ್ತು-ಹನ್ನೊಂದರ ಸ್ಪ್ಯಾನರು ಬ್ರಹ್ಮಾವರದಲ್ಲಿ
ಮದುಮಗನ ಕಾರಿನೊಡನೆ ಹೋಯಿತು.
ಟೇಪು, ಕೋಟದ ಶಾಲೆಯೊಂದರ ಮೈಕಿಗೆ.
ಬೈರಾಸು, ಅಂಬಲಪಾಡಿಯಲ್ಲಿ ಸ್ಕೂಟಿಯಿಂದ ಬಿದ್ದ ಹುಡುಗಿಯ ಮೊಣಕಾಲಿಗೆ.
ಹಗ್ಗ ಒಮ್ಮೆ ಬಾವಿಗಿಳಿದು ಬೆಕ್ಕಿನೊಡನೆ ಮೇಲೆ ಬಂತು.
ನನ್ನ ಕಾರಿಗೆ ಏನೂ ಆಗಲಿಲ್ಲ.
ಸುಳ್ಳು ಯಾಕೆ, ಸ್ವಲ್ಪ ಬೇಸರವೇ ಆಗುತ್ತಿತ್ತು.

ಕೊನೆಗೆ ನಿಂತಿತು. ಉಚ್ಚಿಲ ದಾಟಿ, ರಾತ್ರಿ ಒಂಬತ್ತೂವರೆಗೆ.
ಮೂವತ್ತು ಹೆಜ್ಜೆ ಎಣಿಸಿ ತ್ರಿಕೋನ ಇಟ್ಟು ಬಂದೆ.
ಟಾರ್ಚು ಕಚ್ಚಿ ಬಾನೆಟ್ ಎತ್ತಿ
ಫ್ಯೂಸು ಒಂದೊಂದೇ ಕಿತ್ತು ಬೆಳಕಿಗೆ ಹಿಡಿದೆ
ಖೋಟಾ ನೋಟು ನೋಡುವ ಹಾಗೆ.
ಎಲ್ಲ ಅಸಲಿ.
ಫೋನು ಮಾಡಿದರೆ ದೂಮಪ್ಪ ಊಟದ ನಡುವೆ.
"ಮೇಡಂ, ಪೆಟ್ರೋಲಿನ ಮುಳ್ಳು ಎಲ್ಲಿ ಉಂಟು ನೋಡಿ."
ನೋಡಿದೆ.
"ಅದೊಂದು ನಾನು ಲಿಸ್ಟಿನಲ್ಲಿ ಹೇಳ್ಲಿಲ್ಲ ಅಲ್ವಾ," ಎಂದ.
ನಗಲಿಲ್ಲ. ನಕ್ಕಿದ್ದರೆ ಆಗುತ್ತಿತ್ತು.

ಬೈಕು ನಿಲ್ಲಿಸಿದ ಹುಡುಗ, ಐಸ್ ಪ್ಲಾಂಟಿನ ಶರ್ಟು, ಒದ್ದೆ ಚಪ್ಪಲಿ,
ಟ್ಯಾಂಕಿಯ ಪೈಪು ಕಿತ್ತು ನನ್ನ ನೀರಿನ ಬಾಟಲಿಗೆ
ಅರ್ಧ ಲೀಟರು ಬಿಟ್ಟ. "ಅಕ್ಕ, ಆಲಿಕೆ ಉಂಟಾ?"
ಇಷ್ಟೆಲ್ಲ ಇರುವ ಪೆಟ್ಟಿಗೆಯಲ್ಲಿ ಅದಿಲ್ಲ.
ದೂಮಪ್ಪನ ಪಟ್ಟಿಯನ್ನೇ ಸುರುಳಿ ಸುತ್ತಿ ಹಿಡಿದೆ.
ಜಾಕಿನ ಮೇಲೆ, ಕೇಬಲ್ಲಿನ ಮೇಲೆ, ನನ್ನ ನೇರ ಸಾಲುಗಳ ಮೇಲೆ
ಪೆಟ್ರೋಲು ಗುಟುಕು ಗುಟುಕಾಗಿ ಇಳಿಯಿತು, ಶಾಯಿ ಕದಡಿಕೊಂಡು.
ನೂರರ ನೋಟು ತೆಗೆಯುವಷ್ಟರಲ್ಲಿ
ಅವನ ಹಿಂದಿನ ದೀಪ ಪಡುಬಿದ್ರಿಯ ಕಡೆ.

ಇದು ಹೊಸ ಚೀಟಿ. ಮೊದಲ ಸಾಲು, ಆಲಿಕೆ.
ಎರಡನೆಯದು, ಅರ್ಧ ಲೀಟರು, ಉಚ್ಚಿಲ, ಕೊಡತಕ್ಕದ್ದು.
ಯಾರಿಗೆ ಎಂಬಲ್ಲಿ ಜಾಗ ಬಿಟ್ಟಿದ್ದೇನೆ.